ಏನೂ ಅನ್ನಿಸಲ್ಲ ಅಂತ ಬರೆದೆಯಲ್ಲ

ಮೂಡಿಗೆರೆ
ಸೋಮವಾರ ರಾತ್ರಿ

ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಬೇರೆಲ್ಲ ಓದಿ ಖುಷಿಪಟ್ಟೆ. ಕೊನೆಯ ಒಂದು ಸಾಲು ಮಾತ್ರ ನಿದ್ದೆ ಕೊಡುತ್ತಿಲ್ಲ. "ಮೊದಲ ವಾರ ಸೀರಮ್ ಬಾಟಲಿ ಹಿಡಿದಾಗ ಕೈ ನಡುಗುತ್ತಿತ್ತು ದೊಡ್ಡಪ್ಪ, ಈಗ ಏನೂ ಅನ್ನಿಸಲ್ಲ" ಅಂತ ಬರೆದೆಯಲ್ಲ, ಅದು.

ಆ ಸೀರಮ್ ಎಲ್ಲಿಂದ ಬರುತ್ತದೆ ಅಂತ ನೀನೇ ತಿಳಿಸಿದ್ದೀಯ. ಕಸಾಯಿಖಾನೆಯಲ್ಲಿ ಕಡಿದ ಹಸು ಗಬ್ಬ ಇದ್ದರೆ, ಒಳಗಿನ ಕರುವಿನ ಎದೆಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಾರೆ. ಹೆಪ್ಪುಗಟ್ಟಿದ್ದು ಬೇರೆಯಾದ ಮೇಲೆ ಉಳಿಯುವ ತಿಳಿಯೇ ಸೀರಮ್. ಜೀವಕೋಶಗಳು ಅದರಲ್ಲಿ ಚೆನ್ನಾಗಿ ಬೆಳೆಯುತ್ತವೆ. ಪ್ರಾಣಿ ಕೊಲ್ಲದೆ, ಲ್ಯಾಬಿನಲ್ಲಿ ಜೀವಕೋಶಗಳಿಂದಲೇ ಮಾಂಸ ಬೆಳೆಸಬೇಕು ಅಂತ ಆಸೆಪಟ್ಟು ಹೋದವಳು ನೀನು. ಅಂಥವಳ ಕೈ ನಡುಗದೆ ಇರುತ್ತದಾ?

ನಡುಗಿದ್ದಕ್ಕೆ ನನಗೆ ಚಿಂತೆ ಇಲ್ಲ. ನಡುಕ ನಿಂತಿತಲ್ಲ, ಅದಕ್ಕೆ ಭಯ.

ಈಗ ಬರೆಯುವುದು ನಿಮ್ಮಪ್ಪನಿಗೂ ಗೊತ್ತಿಲ್ಲ. 1984ರಲ್ಲಿ ನಿನ್ನ ಸೋದರತ್ತೆ ಮದುವೆಯ ಬೀಗರೂಟ. ಜನ ಜಾಸ್ತಿ ಆದರು, ಮಾಂಸ ಸಾಲದು ಅನ್ನಿಸಿತು. ಕೊಟ್ಟಿಗೆಯಲ್ಲಿದ್ದ ಮೇಕೆ ಎಳೆದು ತಂದೆ. "ಅದು ಗಬ್ಬ ಇದ್ದ ಹಾಗಿದೆ ಕಣೋ, ಬೇಡ" ಅಂದರು ಅಮ್ಮ. ನಾನು ಕೇಳಲಿಲ್ಲ. ಹೊಟ್ಟೆ ಸೀಳಿದರೆ ಎರಡು ಮರಿ. ಮೈಮೇಲೆ ಕೂದಲು ಬಂದಿತ್ತು. ಯಾರೂ ನೋಡುವ ಮೊದಲು ಗೋಣಿಚೀಲದಲ್ಲಿ ಸುತ್ತಿ, ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಹೂತು ಬಂದೆ. ಕೈ ತೊಳೆದು ಪಂಕ್ತಿಗೆ ಕೂತೆ. ಎರಡು ಸಲ ಬಡಿಸಿಕೊಂಡು ಉಂಡೆ.

ಏನೂ ಅನ್ನಿಸಲಿಲ್ಲ, ಮಗಳೇ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಹತ್ತೊಂಬತ್ತು ವರ್ಷ ಬದುಕಿದ್ದರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ತೀರಿಕೊಂಡ ವರ್ಷ ಆ ದಂಡೆಯಲ್ಲಿ ಕಳೆ ತೆಗೆಸುವಾಗ ಕಾಲು ಮುಂದಕ್ಕೇ ಹೋಗಲಿಲ್ಲ. ಅಷ್ಟು ತಡವಾಗಿ ಅನ್ನಿಸಿತು ನನಗೆ. ನಿನಗೆ ಹಾಗಾಗಬಾರದು.

ನೀನು ಮಾಡುತ್ತಿರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. 2013ರಲ್ಲಿ ಲಂಡನ್ನಿನಲ್ಲಿ ಡಚ್ ವಿಜ್ಞಾನಿ ಮಾರ್ಕ್ ಪೋಸ್ಟ್ ತೋರಿಸಿದ, ಲ್ಯಾಬಿನಲ್ಲಿ ಬೆಳೆಸಿದ ಮಾಂಸದ ಮೊದಲ ಬರ್ಗರ್ ಬೆಳೆದದ್ದೂ ಇದೇ ಕರುವಿನ ಸೀರಮ್‌ನಲ್ಲಿ. ಅವರ ಕಂಪನಿಯವರೇ 2022ರಲ್ಲಿ ಸೀರಮ್ ಇಲ್ಲದೆ ದನದ ಸ್ನಾಯು ಬೆಳೆಸುವ ದಾರಿ ಪ್ರಕಟಿಸಿದರು. ಸಿಂಗಪುರ 2020ರಲ್ಲಿ ಇಂಥ ಕೋಳಿಮಾಂಸದ ಮಾರಾಟಕ್ಕೆ ಒಪ್ಪಿತು, 2023ರಲ್ಲಿ ಸೀರಮ್ ಹಾಕದೆ ಬೆಳೆಸುವುದಕ್ಕೂ ಒಪ್ಪಿಗೆ ಕೊಟ್ಟಿತು. ಸೀರಮ್ ತುಂಬಾ ದುಬಾರಿ, ಅದೂ ಒಂದು ಕಾರಣ ಇರಬಹುದು. ಆದರೆ ಆ ಬಾಟಲಿ ನೋಡಿ ಯಾರಿಗೋ ಕಸಿವಿಸಿ ಆಗುತ್ತಲೇ ಇತ್ತು ಅಂತ ನಾನು ನಂಬುತ್ತೇನೆ. ಎಲ್ಲರಿಗೂ ಅಭ್ಯಾಸ ಆಗಿಬಿಟ್ಟಿದ್ದರೆ ಬೇರೆ ದಾರಿ ಹುಡುಕುವವರು ಯಾರು?

ನಿಮ್ಮ ಲ್ಯಾಬಿನಲ್ಲಿ ಸೀರಮ್ ಬಳಸುವುದನ್ನು ಬಿಡುವ ಯೋಚನೆ ಇದೆಯಾ ಅಂತ ಮೇಲಿನವರನ್ನು ಒಂದು ಸಲ ಕೇಳಿ ನೋಡು. ಕೇಳುವುದು ಸುಲಭ ಅಲ್ಲ, ಗೊತ್ತು. ಎಷ್ಟು ಬಾಟಲಿ ಖಾಲಿ ಮಾಡಿದೆ ಅಂತ ನಿನ್ನ ಪುಸ್ತಕದಲ್ಲಾದರೂ ಬರೆದಿಡು. ಕೆಲಸ ಬಿಡು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ವಿದ್ಯೆ ನನಗೆ ತಿಳಿಯದು, ಸುಮ್ನೆ ಏನೋ ಹೇಳಿದೆ ಅಂದುಕೊಳ್ಳಬೇಡ.

ಕಾಫಿ ಕೊಯ್ಲಿಗೆ ರಜ ಸಿಕ್ಕರೆ ಬಾ. ಹಳ್ಳದ ದಂಡೆಗೆ ಕರೆದುಕೊಂಡು ಹೋಗುತ್ತೇನೆ. ಒಬ್ಬನೇ ಹೋಗಲು ಈಗಲೂ ಆಗುತ್ತಿಲ್ಲ.

ಮುಂದಿನ ಬಾಟಲಿ ತೆರೆದಾಗ ಏನನ್ನಿಸಿತು ಅಂತ ಬರೆ. ಏನೂ ಅನ್ನಿಸದಿದ್ದರೂ ಬರೆ, ಮುಚ್ಚಿಡಬೇಡ.

ನಿನ್ನ
ದೊಡ್ಡಪ್ಪ