ಪ್ಲಗ್ಗಿನ ನಂಬರ್ ಬಿಲ್ಲಿನಲ್ಲಿ ಇರಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಹನ ಪುಟದಲ್ಲಿ ಟರ್ಬೊ ಪೆಟ್ರೋಲ್ ಕಾರುಗಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ‘ಪಿಕಪ್ ಕಡಿಮೆ ಅನ್ನಿಸಿದರೆ ಒಳ್ಳೆಯ ಇರಿಡಿಯಂ ಪ್ಲಗ್ ಹಾಕಿಸಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಪ್ಲಗ್ ಅಂದರೆ ಪೆಟ್ರೋಲ್ ಎಂಜಿನ್ನಿನ ಒಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಇರಿಡಿಯಂ ಅದರ ತುದಿಯ ಲೋಹ. ಆ ಸಾಲು ಓದಿದವರು ಪ್ಲಗ್ ಕೊಳ್ಳುವಾಗ ರೇಟು ನೋಡುತ್ತಾರೆ, ಅದರ ಮೈಮೇಲಿನ ನಂಬರ್ ನೋಡುವುದಿಲ್ಲ. ಅದಕ್ಕೇ ಈ ಪತ್ರ.

ನನ್ನ ಗ್ಯಾರೇಜ್ ಇರುವುದು ಮೂಡಿಗೆರೆಯಲ್ಲಿ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ತಕರಾರು ತೆಗೆದ ಕಾರುಗಳಲ್ಲಿ ಕೆಲವು ನಮ್ಮಲ್ಲಿಗೆ ಬರುತ್ತವೆ. ಮೊದಲೆಲ್ಲ ಎಂಜಿನ್ ಬಿಸಿಯಾಗಿದ್ದು, ಕ್ಲಚ್ ಸುಟ್ಟ ವಾಸನೆ, ಇಷ್ಟೇ. ಈಗ ಹೊಸದೊಂದು ದೂರು ಸೇರಿಕೊಂಡಿದೆ. ‘ಊರಲ್ಲಿ ಚೆನ್ನಾಗೇ ಓಡ್ತದೆ ಅಣ್ಣ, ಘಾಟಿ ಹತ್ತುವಾಗ ಮಾತ್ರ ಜರ್ಕ್ ಹೊಡೀತದೆ. ಮೀಟರಲ್ಲಿ ಹಳದಿ ಎಂಜಿನ್ ಲೈಟ್ ಮಿಣಕ್ ಮಿಣಕ್ ಅಂತದೆ.’ 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್6 ಬಂದ ಮೇಲೆ ಸಣ್ಣ ಡೀಸೆಲ್ ಕಾರುಗಳು ಕಡಿಮೆಯಾದವು. ಆ ಜಾಗಕ್ಕೆ 1 ಲೀಟರ್, 1.2 ಲೀಟರಿನ ಟರ್ಬೊ ಪೆಟ್ರೋಲ್ ಕಾರುಗಳು ಜಾಸ್ತಿ ಬಂದವು. ಆದರೆ ನಮ್ಮ ಕಡೆ ಟರ್ಬೊ ಅಂದರೆ ಇನ್ನೂ ಡೀಸೆಲ್ಲೇ. ತೋಟದವರೊಬ್ಬರು ತಮ್ಮ ಡೀಸೆಲ್ ಗಾಡಿಗೇ ಇರಿಡಿಯಂ ಪ್ಲಗ್ ಕೇಳಿಕೊಂಡು ಬಂದಿದ್ದರು. ‘ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ಗೇ ಇರಲ್ಲ ಮಾರಾಯ್ರೇ, ಇರೋದು ಹೀಟರ್ ಪ್ಲಗ್’ ಅಂದರೆ, ನನ್ನ ಹತ್ತಿರ ಸ್ಟಾಕ್ ಇಲ್ಲದ್ದಕ್ಕೆ ಹಾಗೆ ಹೇಳ್ತಿದ್ದೇನೆ ಅಂದುಕೊಂಡು ಹೋದರು.

ಊರಲ್ಲಿ ಇಲ್ಲದ ತಕರಾರು ಘಾಟಿಯಲ್ಲಿ ಯಾಕೆ ಬರುತ್ತದೆ? ಟರ್ಬೊ ಮಾಡುವ ಕೆಲಸವೇ ಸಿಲಿಂಡರಿಗೆ ಜಾಸ್ತಿ ಗಾಳಿ ತುಂಬುವುದು. ಆಕ್ಸಲರೇಟರ್ ಪೂರ್ತಿ ಒತ್ತಿ ಏರು ಹತ್ತುವಾಗ ಒಳಗಿನ ಒತ್ತಡ ಸಿಕ್ಕಾಪಟ್ಟೆ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಎರಡು ತುದಿಗಳ ನಡುವೆ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಆ ತುದಿಗಳ ನಡುವಿನ ಗ್ಯಾಪ್ ಅಗಲವಾಗಿದ್ದರೆ ಇನ್ನೂ ಜಾಸ್ತಿ. ಪ್ಲಗ್ಗಿಗೆ ವೋಲ್ಟೇಜ್ ಕೊಡುವ ಕಾಯಿಲ್ ಅಷ್ಟು ಕೊಡಲಾರದೆ ಹೋದಾಗ ಆ ಹೊಡೆತಕ್ಕೆ ಕಿಡಿಯೇ ಇಲ್ಲ. ಸಾದಾ ಪೆಟ್ರೋಲ್ ಎಂಜಿನ್ನಿಗೆ 1 ಮಿ.ಮೀ. ಇಲ್ಲವೇ 1.1 ಮಿ.ಮೀ. ಗ್ಯಾಪ್ ಸಾಮಾನ್ಯ. ಟರ್ಬೊ ಎಂಜಿನ್ನಿಗೆ ಹೆಚ್ಚಾಗಿ 0.6ರಿಂದ 0.8 ಮಿ.ಮೀ. ಒಳಗೇ ಇರುತ್ತದೆ. ನಿಮ್ಮ ಕಾರಿಗೆ ಎಷ್ಟು ಅನ್ನುವುದನ್ನು ಕಂಪನಿಯೇ ಹೇಳಿರುತ್ತದೆ.

ಒಂದು ಮಳೆಗಾಲದಲ್ಲಿ ಬಂದ ಕಾರಿನ ಕತೆ ಹೇಳುತ್ತೇನೆ. ಬೆಂಗಳೂರಿನ ಹುಡುಗ. 1 ಲೀಟರಿನ ಮೂರು ಸಿಲಿಂಡರ್ ಟರ್ಬೊ. ಧರ್ಮಸ್ಥಳ ಮುಗಿಸಿ ಉಜಿರೆ ಮೇಲೆ ಹತ್ತಿ ಬಂದಿದ್ದ, ಹಿಂದಿನ ಸೀಟಿನಲ್ಲಿ ಅವನ ಅಪ್ಪ, ಅಮ್ಮ. ಸ್ಕ್ಯಾನರ್ ಹಾಕಿದರೆ ಪಿ0302. ಅಂದರೆ ಎರಡನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ನಮ್ಮ ಗ್ಯಾರೇಜ್ ಭಾಷೆಯಲ್ಲಿ ಮಿಸ್ಸಿಂಗ್. ಕಾಯಿಲ್ ಅದಲುಬದಲು ಮಾಡಿ ನೋಡಿದೆ, ದೂರು ಎರಡನೇ ಸಿಲಿಂಡರ್ ಬಿಟ್ಟು ಕದಲಲಿಲ್ಲ. ಪ್ಲಗ್ ಬಿಚ್ಚಿದೆ. ಹೊಚ್ಚ ಹೊಸ ಪ್ಲಗ್, ಮೈಮೇಲೆ ‘ರೇಸಿಂಗ್’ ಅಂತ ಬೇರೆ ಬರೆದಿತ್ತು. ಗ್ಯಾಪಿನಲ್ಲಿ ಅಳತೆಯ 1.1 ಮಿ.ಮೀ. ತಂತಿ ಗೇಜ್ ಸಲೀಸಾಗಿ ತೂರಿತು. ಅದೂ ಹೋಗಲಿ. ತುದಿಯ ಪಿಂಗಾಣಿ ನಸುಗಂದು ಬಣ್ಣಕ್ಕಿರಬೇಕಾದದ್ದು ಸುಣ್ಣದಂತೆ ಬೆಳ್ಳಗಾಗಿತ್ತು. ಟಾರ್ಚ್ ಹಿಡಿದು ನೋಡಿದರೆ ಅದರ ಮೇಲೆ ಮಿನುಗುವ ಸಣ್ಣ ಸಣ್ಣ ಚುಕ್ಕೆ. ಬೆಳ್ಳಗಾಗಿದ್ದರೆ ತುದಿ ಹದ ಮೀರಿ ಕಾದಿದೆ ಅಂತ. ಚುಕ್ಕೆ ಕಂಡರೆ ಎಂಜಿನ್ ಒಳಗೆ ನಾಕಿಂಗ್ ಹೊಡೆದು, ಅಂದರೆ ಪೆಟ್ರೋಲ್ ಹದ ತಪ್ಪಿ ಸಿಡಿದು, ಪಿಸ್ಟನ್ನಿನ ಅಲ್ಯುಮಿನಿಯಂ ಕಿತ್ತು ಬರುತ್ತಿದೆ ಅಂತ. ಇನ್ನೊಂದು ಘಾಟಿ ಹತ್ತಿದ್ದರೆ ಪಿಸ್ಟನ್ನೇ ಉಳಿಯುತ್ತಿತ್ತೋ ಇಲ್ಲವೋ.

ಬಿಲ್ ಕೇಳಿದೆ. ಫೋನಿನಲ್ಲಿ ತೋರಿಸಿದ. ‘ಪ್ಲಗ್ ಸೆಟ್ – 1’, ಅದರ ಮುಂದೆ ರೇಟು. ಬ್ರ್ಯಾಂಡ್ ಇಲ್ಲ, ನಂಬರ್ ಇಲ್ಲ.

ಆ ಪ್ಲಗ್ ಯಾಕೆ ಅಷ್ಟು ಕಾದಿತ್ತು? ಪ್ಲಗ್‌ಗಳಲ್ಲಿ ಬಿಸಿ ಪ್ಲಗ್, ತಣ್ಣನೆ ಪ್ಲಗ್ ಅಂತ ಇವೆ. ಕಿಡಿಯ ಜೋರಿಗೂ ಇದಕ್ಕೂ ಸಂಬಂಧ ಇಲ್ಲ. ತುದಿಯ ಪಿಂಗಾಣಿ ಉದ್ದವಿದ್ದರೆ ಶಾಖ ಪ್ಲಗ್ ಕೂರುವ ಎಂಜಿನ್ ಹೆಡ್ಡಿಗೆ ನಿಧಾನವಾಗಿ ಇಳಿಯುತ್ತದೆ, ಅದು ಬಿಸಿ ಪ್ಲಗ್. ಗಿಡ್ಡವಿದ್ದರೆ ಬೇಗ ಇಳಿಯುತ್ತದೆ, ಅದು ತಣ್ಣನೆಯದು. ತುದಿ ಸುಮಾರು 500 ಡಿಗ್ರಿ ಮುಟ್ಟಿದರೆ ಮಸಿ ತಾನಾಗಿ ಸುಟ್ಟು ಹೋಗುತ್ತದೆ. 850 ದಾಟಿ ಹೋಗುತ್ತಾ ಹೋದರೆ ಅದು ಕೆಂಡ. ಕಿಡಿ ಹಾರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಟರ್ಬೊ ಎಂಜಿನ್ನಿನ ಒಳಗೆ ಮೊದಲೇ ಶಾಖ ಜಾಸ್ತಿ, ಹಾಗಾಗಿ ಅದಕ್ಕೆ ಸಾಮಾನ್ಯವಾಗಿ ತಣ್ಣನೆ ಪ್ಲಗ್ ಬರುತ್ತದೆ.

ಹುಡುಗನಿಗೂ ಇದು ಗೊತ್ತಿತ್ತು. ತಣ್ಣನೆಯದೇ ಬೇಕು ಅಂತ ದೊಡ್ಡ ನಂಬರಿನದು ಕೇಳಿ ಹಾಕಿಸಿದ್ದ. ಎನ್‌ಜಿಕೆ, ಡೆನ್ಸೊ ಎರಡೂ ಕಂಪನಿಗಳ ಪ್ಲಗ್ಗಿನಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ. ಎನ್‌ಜಿಕೆಯ 6, 7, 8 ಅಂದರೆ ಡೆನ್ಸೊದಲ್ಲಿ ಹೆಚ್ಚುಕಡಿಮೆ 20, 22, 24. ಬಾಷ್, ಚಾಂಪಿಯನ್ ಪ್ಲಗ್‌ಗಳಲ್ಲಿ ಇದು ಪೂರ್ತಿ ಉಲ್ಟಾ. ನಂಬರ್ ದೊಡ್ಡದಾದಷ್ಟೂ ಬಿಸಿ. ಇವನ ಕಾರಿಗೆ ಕಂಪನಿ ಹಾಕಿದ್ದು ಮೊದಲ ಬಗೆಯದು, ಇವನು ಹಾಕಿಸಿದ್ದು ಎರಡನೇ ಬಗೆಯದು. ತಣ್ಣನೆ ಪ್ಲಗ್ ಅಂದುಕೊಂಡು ದುಡ್ಡು ಕೊಟ್ಟು ಬಿಸಿ ಪ್ಲಗ್ ಕೂರಿಸಿಕೊಂಡಿದ್ದ.

ಒಂದೇ ಕಂಪನಿಯಲ್ಲೂ ಈ ಉಲ್ಟಾ ನಡೆದಿದೆ. ನಮ್ಮ ಅಪ್ಪನ ಕಾಲದಲ್ಲಿ ಪ್ಲಗ್ ಅಂದರೆ ಮೈಕೊ, ಬೆಂಗಳೂರಿನ ಆಡುಗೋಡಿ ಕಾರ್ಖಾನೆಯ ಕಂಪನಿ. 1951ರಲ್ಲಿ ಶುರುವಾದ ಅದೇ ಕಂಪನಿಗೆ 2008ರಲ್ಲಿ ಬಾಷ್ ಅಂತ ಹೆಸರಾಯಿತು. ಹಳೇ ಪ್ಲಗ್‌ಗಳ ಮೇಲೆ 175, 225 ಅಂತ ಇರುತ್ತಿತ್ತು. ಆಗ ದೊಡ್ಡ ನಂಬರ್ ತಣ್ಣನೆಯದು. ಆಮೇಲೆ 7, 5 ಅಂತ ಒಂಟಿ ಅಂಕಿ ಬಂತು. ಈಗ ಚಿಕ್ಕ ನಂಬರ್ ತಣ್ಣನೆಯದು. ಹಳೇ ಮೆಕ್ಯಾನಿಕ್‌ಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಅಂತ ನಗಬೇಡಿ. ಅವರವರು ಕಲಿತ ಕಾಲಕ್ಕೆ ಅವರು ಹೇಳಿದ್ದು ಸರಿಯೇ.

ಆ ಹುಡುಗನ ಕಾರಿಗೆ ಚಿಕ್ಕಮಗಳೂರಿನಿಂದ ಸಂಜೆ ಬಸ್ಸಿಗೆ ಕಾರಿನ ಕಂಪನಿ ಹೇಳಿದ ನಂಬರಿನ ಪ್ಲಗ್‌ಗಳನ್ನೇ ತರಿಸಿ ಹಾಕಿದೆ. ಕೊಟ್ಟಿಗೆಹಾರದಿಂದ ಒಂದಷ್ಟು ದೂರ ಇಳಿದು, ಮತ್ತೆ ಜೋರಾಗಿ ಹತ್ತಿಸಿ ನೋಡಿದೆವು. ಜರ್ಕ್ ಇಲ್ಲ, ಲೈಟ್ ಇಲ್ಲ. ಅಂದಹಾಗೆ, ಆ ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಬನ್ನಿ. ಮಿಣುಕುತ್ತಿದ್ದರೆ ಕಾಲು ಎತ್ತಿಬಿಡಿ, ಸಾಧ್ಯವಾದರೆ ಗಾಡಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಅದರ ಬೆಲೆ ಕೇಳಿದರೆ ಪ್ಲಗ್ಗಿನ ಬೆಲೆ ಬೆಲೆಯೇ ಅಲ್ಲ.

ಇನ್ನು ಇರಿಡಿಯಂ ವಿಷಯ. ಒಳ್ಳೆಯ ಲೋಹವೇ, ನಾನು ಬೈಯುತ್ತಿಲ್ಲ. ನಿಕಲ್ ಸುಮಾರು 1,450 ಡಿಗ್ರಿಗೆ ಕರಗಿದರೆ ಇರಿಡಿಯಂ 2,400 ದಾಟಬೇಕು. ಅದಕ್ಕೇ ನಡುವಿನ ತುದಿಯನ್ನು 0.6, ಇನ್ನೂ ಕೆಲವರು 0.4 ಮಿ.ಮೀ.ನಷ್ಟು ಸಣ್ಣ ಮಾಡಬಹುದು. ಸಣ್ಣ ತುದಿಯಿಂದ ಕಿಡಿ ಹಾರಿಸಲು ವೋಲ್ಟೇಜ್ ಕಡಿಮೆ ಸಾಕು, ಬಾಳಿಕೆಯೂ ಜಾಸ್ತಿ. ಆದರೆ ಅದು ಪಿಕಪ್ ಕೊಡುವ ವಸ್ತು ಅಲ್ಲ. ಕಾರಿಗೆ ಕಂಪನಿಯೇ ಇರಿಡಿಯಂ ಇಲ್ಲವೇ ಪ್ಲಾಟಿನಂ ಹಾಕಿದ್ದರೆ ಅದನ್ನೇ ಹಾಕಿ. ನಿಕಲ್ ಹಾಕಿದ್ದರೆ ಅದೇ ಸಾಕು, ಬೇಗ ಬದಲಾಯಿಸಬೇಕು ಅಷ್ಟೇ. ಇರಿಡಿಯಂ ತುದಿ ಬಹಳ ನಾಜೂಕು. ಹಳೇ ಸ್ಕೂಟರ್ ಪ್ಲಗ್ಗಿಗೆ ಮಾಡಿದ ಹಾಗೆ ಸ್ಯಾಂಡ್ ಪೇಪರ್ ಉಜ್ಜಿ, ಆಕ್ಸಾ ಬ್ಲೇಡ್ ತೂರಿಸಿ ಗ್ಯಾಪ್ ನೋಡಿದರೆ ಅದರ ಕತೆ ಮುಗೀತು. ತಂತಿ ಗೇಜಿನಲ್ಲಿ ನೋಡಬೇಕು. ಬಗ್ಗಿಸಲೇಬೇಕಾದರೆ ಹೊರಗಿನ ಕೊಕ್ಕೆಯನ್ನು ಮಾತ್ರ, ನಡುವಿನ ತುದಿಯನ್ನು ಮುಟ್ಟದೆ.

ಪ್ಲಗ್ ಕೂರಿಸಿ ಬಿಗಿಯುವುದರಲ್ಲೂ ಲೆಕ್ಕ ಇದೆ. ವಾಷರ್ ಇರುವ 14 ಮಿ.ಮೀ. ಪ್ಲಗ್ ಅಲ್ಯುಮಿನಿಯಂ ಹೆಡ್ಡಿಗಾದರೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12ರದ್ದಕ್ಕೆ 15ರಿಂದ 20. ಎಂಜಿನ್ ತಣ್ಣಗಿರುವಾಗ ಮಾಡಬೇಕು. ಜಾಸ್ತಿ ಬಿಗಿದರೆ ಥ್ರೆಡ್ ಕಿತ್ತು ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಸಡಿಲ ಬಿಟ್ಟರೆ ಪ್ಲಗ್ಗಿನ ಶಾಖ ಹೆಡ್ಡಿಗೆ ಇಳಿಯದೆ ತಣ್ಣನೆ ಪ್ಲಗ್ಗೂ ಬಿಸಿ ಪ್ಲಗ್ಗಾಗುತ್ತದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ.

ಶಕ್ತಿ ಹೆಚ್ಚಲಿ ಅಂತ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸಿ ರೀಮ್ಯಾಪ್ ಮಾಡಿಸಿದವರು ಒಂದು ನಂಬರ್ ತಣ್ಣನೆ ಪ್ಲಗ್ ಹಾಕಬೇಕಾ ಅಂತ ಕೇಳುತ್ತಾರೆ. 75ರಿಂದ 100 ಎಚ್‌ಪಿ ಹೆಚ್ಚಿಸಿದರೆ ಒಂದು ಹೆಜ್ಜೆ ತಣ್ಣನೆಯದು ಅನ್ನುವುದು ಟ್ಯೂನಿಂಗ್ ಮಾಡುವವರ ಹಳೆಯ ಅಂದಾಜು. ನಮ್ಮ 1 ಲೀಟರ್ ಎಂಜಿನ್‌ಗಳ ಒಟ್ಟು ಶಕ್ತಿಯೇ 100–120ರ ಆಸುಪಾಸು. ಹಾಗಾಗಿ ಮ್ಯಾಪ್ ಮಾಡಿದವರನ್ನೇ ಕೇಳಿ, ಒಂದು ಹೆಜ್ಜೆಗಿಂತ ಆಚೆ ಹೋಗಬೇಡಿ. ಏನೂ ಮಾಡಿಸದ ಕಾರಿಗೆ ತಣ್ಣನೆಯದು ಹಾಕಿ, ದಿನಾ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವಷ್ಟೇ ಓಡಿಸಿದರೆ ತುದಿ ಕಾಯುವುದೇ ಇಲ್ಲ, ಮಸಿ ಕಟ್ಟುತ್ತದೆ. ಸೂಪರ್‌ಚಾರ್ಜರ್ ಇರುವ ಕಾರುಗಳು ನಮ್ಮ ಕಡೆ ಅಪರೂಪ, ಹಳೇ ಮರ್ಸಿಡಿಸ್‌ಗಳ ಹಿಂದೆ ‘ಕಂಪ್ರೆಸರ್’ ಅಂತ ಬರೆದಿರುವುದು ಅದೇ. ಅಲ್ಲಿ ಗಾಳಿ ತುಂಬುವ ಫ್ಯಾನು ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತದೆ. ಪ್ಲಗ್ಗಿನ ಲೆಕ್ಕ ಇದೇ.

ನಾನು ಕೇಳುವುದು ದೊಡ್ಡದೇನಲ್ಲ. ಪ್ಲಗ್ ಮಾರುವ ಅಂಗಡಿಯಾಗಲಿ, ಹಾಕುವ ಗ್ಯಾರೇಜಾಗಲಿ, ಬಿಲ್ಲಿನಲ್ಲಿ ಕಂಪನಿಯ ಹೆಸರು ಮತ್ತು ಪ್ಲಗ್ಗಿನ ಪೂರ್ತಿ ನಂಬರ್ ಬರೆಯಲಿ, ಹಾಕಿದ ಗ್ಯಾಪ್ ಎಷ್ಟು ಅಂತಲೂ ಬರೆಯಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ತಪ್ಪು ವ್ಯಾಪಾರ. ‘ಪ್ಲಗ್ ಸೆಟ್ – 1’ ಅಂತ ಬರೆದು ಕೊಟ್ಟ ಬಿಲ್ ಇದ್ದೂ ಇಲ್ಲದ ಹಾಗೇ ಅಲ್ವಾ? ನಂಬರ್ ಬರೆದಿದ್ದರೆ ಮುಂದಿನ ಮೆಕ್ಯಾನಿಕ್ ಪ್ಲಗ್ ಬಿಚ್ಚುವ ಮೊದಲೇ ಅರ್ಧ ರೋಗ ಹಿಡಿಯುತ್ತಾನೆ. ಡೂಪ್ಲಿಕೇಟ್ ಮಾರುವವನಿಗೂ ಕೈ ಸ್ವಲ್ಪ ನಡುಗುತ್ತದೆ. ಕಾರಿನವರು ಹಳೇ ಪ್ಲಗ್‌ಗಳನ್ನು ಕೇಳಿ ತೆಗೆದುಕೊಳ್ಳಲಿ. ಅದು ಅವರ ಸ್ವತ್ತು.

ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಈ ವಿಷಯ ಬರೆಯುವಾಗ ಯಾವ ಕಂಪನಿಯ ನಂಬರನ್ನು ಯಾವ ಕಡೆಯಿಂದ ಓದಬೇಕು ಅಂತ ಒಂದು ಸಣ್ಣ ಚೌಕದಲ್ಲಿ ಹಾಕಿ. ಕತ್ತರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಇಂತಿ,
ಒಬ್ಬ ಗ್ಯಾರೇಜಿನವ, ಮೂಡಿಗೆರೆ