ಕ್ಯೋಕೊ ಸತಾಯಿಸುತ್ತಿಲ್ಲ ಕಣೋ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

‘ಮೇಜೋನ್ ಇಕ್ಕೋಕು’ ಅನ್ನುವ ಜಪಾನಿ ಕಾರ್ಟೂನ್ ಧಾರಾವಾಹಿಯನ್ನು, ಅಂದರೆ ಅನಿಮೆಯನ್ನು, ಹತ್ತು ಕಂತಿಗೇ ಬಿಟ್ಟೆ, ಅದರ ನಾಯಕಿ ಕ್ಯೋಕೊ ಸುಮ್ನೆ ಸತಾಯಿಸುತ್ತಾಳೆ ಎಂದು ಬರೆದಿದ್ದೀಯಲ್ಲ. ಓದಿ ಬೇಜಾರಾಯಿತು. ಕ್ಯೋಕೊ ಸತಾಯಿಸುತ್ತಿಲ್ಲ ಕಣೋ. ಹೈಸ್ಕೂಲು ಮುಗಿಯುತ್ತಿದ್ದಂತೆ ಮೆಚ್ಚಿದ ಮೇಷ್ಟ್ರನ್ನೇ ಮದುವೆಯಾದವಳು, ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡಳು. ಮಾವನ ಹಳೇ ಮರದ ವಠಾರವನ್ನು ನೋಡಿಕೊಳ್ಳಲು ಬಂದಿದ್ದಾಳೆ. ಅಲ್ಲಿ ಬಾಡಿಗೆಗಿರುವ ಗೊದಾಯ್, ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಕೂತ ಹುಡುಗ, ಅವಳಿಗಿಂತ ಚಿಕ್ಕವನು. ಅವನು ಪ್ರೀತಿಸುತ್ತೇನೆ ಅಂದ ತಕ್ಷಣ ಅವಳು ಹೂಂ ಅನ್ನಬೇಕಿತ್ತಾ?

ಆ ನಾಯಿಯನ್ನೇ ನೋಡು. ಗಂಡ ಅದನ್ನು ಮನೆಗೆ ತಂದು ‘ಶಿರೋ’ ಎಂದು ಹೆಸರಿಟ್ಟಿದ್ದ. ನಾಯಿ ಆ ಹೆಸರಿಗೆ ತಿರುಗಿ ನೋಡುತ್ತಿರಲಿಲ್ಲ, ಅವಳು ಗಂಡನನ್ನು ‘ಸೋಯಿಚಿರೋ’ ಎಂದು ಕರೆದರೆ ಮಾತ್ರ ಓಗೊಡುತ್ತಿತ್ತು. ಈಗ ನಾಯಿಗೆ ಅದೇ ಹೆಸರು. ಕೋಳಿಮರಿ ಚಿತ್ರದ ಏಪ್ರನ್ ತೊಟ್ಟು, ಅಂಗಳ ಗುಡಿಸುತ್ತಾ, ಅವಳು ದಿನಾ ಆ ಹೆಸರು ಕರೆಯುತ್ತಾಳೆ. ನೋಡುವವರಿಗೆ ನಗು ಬರುತ್ತದೆ. ಅವಳಿಗೆ? ಇಷ್ಟಾದರೂ ಸತ್ತವನ ಮುಖ ಹೇಗಿತ್ತೆಂದು ಈ ಕಥೆ ಬರೆದ ರುಮಿಕೊ ತಕಹಾಶಿ ಒಮ್ಮೆಯೂ ತೋರಿಸುವುದಿಲ್ಲ. ಫೋಟೋದಲ್ಲೂ ಮುಖದ ಮೇಲೆ ನೆರಳು. ಗೊದಾಯ್ ಪೈಪೋಟಿಗಿಳಿದಿರುವುದು ಅಂಥವನ ಜೊತೆ. ಕ್ಯೋಕೊಳನ್ನು ಬಯಸುವ ಇನ್ನೊಬ್ಬ, ಟೆನಿಸ್ ಕೋಚ್ ಮಿತಾಕಾ, ಹಣವಂತ, ಸುಂದರ, ನಾಯಿ ಕಂಡರೆ ನಡುಗುವವನು. ಅವನನ್ನಾದರೆ ಎದುರಿಸಬಹುದು. ಮುಖವೇ ಇಲ್ಲದವನನ್ನು ಹೇಗೆ ಎದುರಿಸುವುದು?

ಇದಕ್ಕೆ ಟೈಮ್ ಬೇಕು. ತಕಹಾಶಿ ಅದನ್ನು ಧಾರಾಳವಾಗಿ ಕೊಟ್ಟಿದ್ದಾರೆ. 1980ರಲ್ಲಿ ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಶುರುವಾದ ಮೂಲ ಮಂಗಾ, ಅಂದರೆ ಚಿತ್ರಕಥೆ, ಮುಗಿದದ್ದು 1987ರಲ್ಲಿ. ಆ ವರ್ಷಗಳಲ್ಲೇ ಅವರು ಇನ್ನೊಂದು ಪತ್ರಿಕೆಗೆ ‘ಉರುಸೇಯ್ ಯಾತ್ಸುರಾ’ ಅನ್ನುವ ಮಂಗಾ ಕೂಡ ಬರೆಯುತ್ತಿದ್ದರು ಅನ್ನುವುದು ನನಗೆ ಈಗಲೂ ಆಶ್ಚರ್ಯ. ಓದುಗರಿಗೆ ಒಂದು ವರ್ಷ ಕಳೆದರೆ ಕಥೆಯಲ್ಲೂ ಹೆಚ್ಚುಕಡಿಮೆ ಒಂದು ವರ್ಷ. ಗೊದಾಯ್ ಕಾಲೇಜು ಸೇರುತ್ತಾನೆ, ಕೆಲಸ ಸಿಗದೆ ಅಲೆಯುತ್ತಾನೆ, ಕ್ಯಾಬರೆಯಲ್ಲಿ ದುಡಿಯುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಅಲ್ಲೇ ಅವನು ಗಂಡಸಾಗಿ ಬೆಳೆಯುವುದು ಅಂತ ನನ್ನ ಅನಿಸಿಕೆ.

ಜೊತೆಗೆ ವಠಾರದ ಆ ಗಲಾಟೆ ಜನ! ಗೋಡೆಗೆ ತೂತು ಕೊರೆದು ನುಗ್ಗುವ ಯೊತ್ಸುಯಾ, ಕುಡಿದು ಕುಣಿಯುವ ಇಚಿನೊಸೆ ಆಂಟಿ, ಯಾವಾಗಲೂ ಅರೆಬರೆ ಬಟ್ಟೆಯಲ್ಲೇ ಓಡಾಡುವ ಅಕೆಮಿ. ಫೋನು ಬಂದರೆ ಎಲ್ಲರ ಕಿವಿಯೂ ಅಲ್ಲೇ. ಮೊಬೈಲ್ ಇದ್ದಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ, ಅಲ್ವಾ?

ನೀನು ಬಿಟ್ಟ ಅನಿಮೆಯಲ್ಲಿ 96 ಕಂತುಗಳಿವೆ, 1986ರಿಂದ 88ರವರೆಗೆ ಬಂದವು. ನಿಧಾನ ನಿಜ, ಆದರೆ ಈ ಕಥೆಗೆ ಆ ನಿಧಾನವೇ ಸರಿ. ಕ್ಯೋಕೊಗೆ ದನಿ ಕೊಟ್ಟ ಸುಮಿ ಶಿಮಾಮೊತೊ ಮಿಯಾಜಾಕಿಯ ಅನಿಮೆ ಸಿನಿಮಾದ ನಾಯಕಿ ನೌಸಿಕಾಗೂ ದನಿಯಾದವರು. ಕ್ಯೋಕೊ ಸಿಟ್ಟಾದಾಗ ಆ ದನಿ ಇದ್ದಕ್ಕಿದ್ದಂತೆ ತಣ್ಣಗಾಗಿ, ‘ಗೊದಾಯ್-ಸಾನ್’ ಎಂದು ಮರ್ಯಾದೆಯಾಗಿ ಕರೆಯುವುದನ್ನು ಕೇಳು. ಹೊಟ್ಟೆಕಿಚ್ಚು ಅಷ್ಟರಲ್ಲೇ ಗೊತ್ತಾಗುತ್ತದೆ. 1986ರಲ್ಲೇ ನಟರಿದ್ದ ಸಿನಿಮಾ ಕೂಡ ಬಂತು. 2007 ಮತ್ತು 2008ರಲ್ಲಿ ಮಿಸಾಕಿ ಇತೊ ಕ್ಯೋಕೊ ಆಗಿ ಎರಡು ಟಿವಿ ಚಿತ್ರಗಳು ಬಂದವು. ಇತೊ ಪಾತ್ರಕ್ಕೆ ಒಪ್ಪುತ್ತಾರೆ. ಆದರೆ ಏಳು ವರ್ಷ ಕಾದದ್ದನ್ನು ಎರಡೆರಡು ಗಂಟೆಯಲ್ಲಿ ಹೇಳಿದರೆ ಘಟನೆಗಳು ಉಳಿಯುತ್ತವೆ, ಕಾದದ್ದು ಉಳಿಯುವುದಿಲ್ಲ. ಅವನ್ನು ಆಮೇಲೆ ನೋಡು.

ಕಡೆಯ ಭಾಗದ ಒಂದು ದೃಶ್ಯ ಹೇಳಿಬಿಡುತ್ತೇನೆ, ಬೈಯಬೇಡ. ಗೊದಾಯ್ ಒಬ್ಬನೇ ಸೋಯಿಚಿರೋನ ಸಮಾಧಿಗೆ ಹೋಗುತ್ತಾನೆ. ನಿನ್ನನ್ನು ಮರೆಸುತ್ತೇನೆ, ಗೆಲ್ಲುತ್ತೇನೆ ಅನ್ನುವುದಿಲ್ಲ. ನಾನು ಕಂಡಾಗಲೇ ನೀನು ಅವಳ ಮನಸ್ಸಿನಲ್ಲಿದ್ದೆ, ನಿನ್ನನ್ನೂ ಸೇರಿಸಿಯೇ ಅವಳನ್ನು ಮದುವೆಯಾಗುತ್ತೇನೆ ಅನ್ನುತ್ತಾನೆ. ಗಂಡನ ವಸ್ತುಗಳನ್ನು ಮಾವನಿಗೆ ಒಪ್ಪಿಸಲು ಹೊರಟಿದ್ದ ಕ್ಯೋಕೊ ಮರೆಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಾಳೆ. ವಿಧವೆಯ ಮರುಮದುವೆಯನ್ನು ಇಷ್ಟು ಗೌರವದಿಂದ ಬರೆದ ಹಾಸ್ಯಕಥೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಅನಿಮೆ ಬೇಡವೆಂದರೆ ಮಂಗಾವನ್ನೇ ಹಿಡಿ. ಹದಿನೈದು ಸಂಪುಟ, ರಾತ್ರಿಗೆ ಒಂದು ಅಧ್ಯಾಯ ಸಾಕು. ನಡುವೆ ಗೊದಾಯ್ ಮೇಲೆ ಸಿಟ್ಟು ಬರುತ್ತದೆ, ಬರಲಿ. ಅವತ್ತೇ ನನಗೆ ಬರಿ.

ನಿನ್ನ ಗೆಳೆಯ