ಕಂಪನಿ ಹೆಸರು ಬೇಡ, ಚರ್ಮ ನೋಡಿ ಸನ್‌ಸ್ಕ್ರೀನ್ ಆರಿಸಿ

ಸಂಪಾದಕರಿಗೆ ನಮಸ್ಕಾರ.

ಫ್ರಾನ್ಸಿನ ಫಾರ್ಮಸಿಗಳಲ್ಲಿ ಸಿಗುವ ಸನ್‌ಸ್ಕ್ರೀನ್‌ಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಪಟ್ಟಿ ಓದಿದೆ. ಕಂಪನಿ ಹೆಸರುಗಳೆಲ್ಲ ಸರಿಯಾಗಿಯೇ ಇವೆ: ಲಾ ರೋಶ್ ಪೋಸೆ, ಅವೆನ್, ಬಯೋಡರ್ಮಾ, ಎಸ್‌ವಿಆರ್, ಯುರಿಯಾಜ್, ವಿಶಿ. ಆದರೆ ಯಾವ ಚರ್ಮಕ್ಕೆ ಯಾವುದು ಅಂತ ಒಂದು ಸಾಲೂ ಇರಲಿಲ್ಲ. ನಾನು ಫ್ರಾನ್ಸಿನಲ್ಲೇ ಇದ್ದೇನೆ. ಇಲ್ಲಿಗೆ ಓದಲು ಬರುವ ಮಕ್ಕಳು, ಪ್ರವಾಸಕ್ಕೆ ಬರುವ ನೆಂಟರು ಇಂಥದ್ದೇ ಪಟ್ಟಿಯನ್ನು ಮೊಬೈಲಿನಲ್ಲಿ ಹಿಡಿದು, ಫಾರ್ಮಸಿಯ ಗುರುತಾದ ಹಸಿರು ಶಿಲುಬೆಯ ಬೋರ್ಡು ಕಂಡ ಅಂಗಡಿಗೆ ನುಗ್ಗಿ, ಮೊದಲನೇ ಹೆಸರಿನ ಟ್ಯೂಬು ತಗೊಂಡು ಬರುತ್ತಾರೆ, ಆಮೇಲೆ ಮುಖ ಉರಿಯುತ್ತೆ, ಜಿಡ್ಡಾಗುತ್ತೆ, ಬೂದಿ ಬಳಿದ ಹಾಗೆ ಕಾಣುತ್ತೆ ಅಂತ ಮೂಲೆಗೆ ಹಾಕುತ್ತಾರೆ. ದಯವಿಟ್ಟು ಮುಂದೆ ಇಂಥ ಪಟ್ಟಿ ಹಾಕುವಾಗ ಪ್ರತಿ ಹೆಸರಿನ ಪಕ್ಕದಲ್ಲಿ ಚರ್ಮದ ವಿಧವನ್ನೂ ಹಾಕಿ.

ಯಾಕೆಂದರೆ ಕಂಪನಿ ಹೆಸರೊಂದರಿಂದ ಏನೂ ಗೊತ್ತಾಗುವುದಿಲ್ಲ. ಒಂದೇ ಕಂಪನಿ ಹೆಚ್ಚೂಕಮ್ಮಿ ಒಂದೇ ಥರದ ಟ್ಯೂಬಿನಲ್ಲಿ ನಾಲ್ಕೈದು ಬಗೆ ಮಾಡುತ್ತದೆ. ಅವೆನ್‌ನ ‘ಕ್ಲೀನಾನ್ಸ್’ ಜಿಡ್ಡು ಚರ್ಮದವರಿಗೆ, ಮೊಡವೆ ಇರುವವರಿಗೆ. ಅದೇ ಅವೆನ್‌ನ ಎಸ್‌ಪಿಎಫ್ (ಬಿಸಿಲಿಗೆ ಚರ್ಮ ಸುಡದಂತೆ ಕಾಯುವ ಅಳತೆ) 50+ ಕ್ರೀಮ್ ಒಣಗಿ ಬಿಗಿಯುವ ಚರ್ಮಕ್ಕೆ. ಬಯೋಡರ್ಮಾದ ‘ಫೋಟೋಡರ್ಮ್’ ಸಾಲಿನಲ್ಲಿ ‘ಎಕೆಎನ್ ಮ್ಯಾಟ್’ ಮೊಡವೆಯವರಿಗೆ, ‘ಎಆರ್’ ಮುಖ ಬೇಗ ಕೆಂಪಾಗುವವರಿಗೆ, ‘ಎಂ’ ಬಂಗು ಇರುವವರಿಗೆ. ಜಿಡ್ಡು ಮುಖದ ಹುಡುಗನೊಬ್ಬ ಒಣ ಚರ್ಮದ ದಪ್ಪ ಕ್ರೀಮ್ ಹಚ್ಚಿಕೊಂಡು ‘ಸನ್‌ಸ್ಕ್ರೀನೇ ನನಗೆ ಆಗಲ್ಲ’ ಅಂದರೆ ತಪ್ಪು ಸನ್‌ಸ್ಕ್ರೀನಿನದಲ್ಲ. ಇನ್ನು ಅವೆನ್, ವಿಶಿ, ಯುರಿಯಾಜ್, ಲಾ ರೋಶ್ ಪೋಸೆ ಎಲ್ಲವೂ ಬುಗ್ಗೆ ನೀರಿಗೆ ಹೆಸರಾದ ಊರುಗಳೇ. ಆ ನೀರಿನ ಕಥೆ ಚೆನ್ನಾಗಿದೆ, ಆದರೆ ಬಿಸಿಲು ತಡೆಯುವುದು ನೀರಲ್ಲ, ಫಿಲ್ಟರ್, ಅಂದರೆ ಬಿಸಿಲಿನ ಕಿರಣ ತಡೆಯಲು ಕ್ರೀಮಿಗೆ ಬೆರೆಸಿದ ವಸ್ತು.

ಎಲ್ಲರೂ ಕೇಳುವುದು ಲಾ ರೋಶ್ ಪೋಸೆಯ ‘ಆಂಥೆಲಿಯೋಸ್ ಯುವಿಮ್ಯೂನ್ 400’ರ ತೆಳು ಫ್ಲೂಯಿಡ್. ಒಳ್ಳೆಯದೇ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿ ಕಿರಣಗಳಿವೆ, ಅದರಲ್ಲಿ ಚರ್ಮದ ಆಳಕ್ಕಿಳಿಯುವ ಯುವಿಎ ಕಿರಣದ ತರಂಗಾಂತರ 400 ನ್ಯಾನೊಮೀಟರ್‌ವರೆಗೂ ಇರುತ್ತದೆ, ಹಳೆಯ ಫಿಲ್ಟರ್‌ಗಳು 380 ದಾಟಿದ ಮೇಲೆ ಸೋಲುತ್ತವೆ. ಆ ಕೊನೆಯ ತುಂಡನ್ನು ಹಿಡಿಯಲಿಕ್ಕೆಂದೇ ‘ಮೆಕ್ಸೊರಿಲ್ 400’ ಎಂಬ ಫಿಲ್ಟರ್ ಹಾಕಿ 2022ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ನೀರಿನಷ್ಟು ತೆಳು, ಬಿಳಿ ಉಳಿಯುವುದಿಲ್ಲ, ಜಿಡ್ಡು ಚರ್ಮಕ್ಕೂ ಸಾಧಾರಣ ಚರ್ಮಕ್ಕೂ ಹಿತ. ಆದರೆ ಆ ಫ್ಲೂಯಿಡ್‌ನಲ್ಲಿ ಆಲ್ಕೋಹಾಲ್ ಇದೆ. ಚರ್ಮ ತುಂಬಾ ಒಣಗಿದ್ದರೆ, ಬಿರಿದಿದ್ದರೆ, ಮೊಡವೆ ಔಷಧಿಯಿಂದ ಸುಲಿಯುತ್ತಿದ್ದರೆ ಉರಿಯಬಹುದು. ಅಂಥವರಿಗೆ ಇದೇ ಸಾಲಿನಲ್ಲಿ ತೇವ ಹಿಡಿದಿಡುವ ಕ್ರೀಮ್ ಸಿಗುತ್ತೆ, ಕೇಳಿ ತಗೊಳ್ಳಿ. ಏನು ಹಚ್ಚಿದರೂ ಉರಿ, ತುರಿಕೆ ಅನ್ನುವವರು ಬರೀ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಮಿನರಲ್ ಬಗೆ ನೋಡಬಹುದು, ಆದರೆ ನಮ್ಮ ಬಣ್ಣದ ಮೇಲೆ ಅದು ಬಿಳಿಚಿಕೊಂಡು ಕೂರುತ್ತದೆ.

ನಮ್ಮ ಬಣ್ಣದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ಪಟ್ಟಿಯಲ್ಲಿ ನನಗೆ ಜಾಸ್ತಿ ಬೇಜಾರಾಗಿದ್ದೇ ಇದರ ಬಗ್ಗೆ ಏನೂ ಇಲ್ಲದ್ದಕ್ಕೆ. ಕಂದು ಚರ್ಮ ಸುಡುವುದು ಕಡಿಮೆ, ಕಲೆಯಾಗುವುದು ಜಾಸ್ತಿ. ಬಂಗು, ಮೊಡವೆ ಕಲೆ ಇವೆಲ್ಲ ಯುವಿ ಕಿರಣಕ್ಕಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತವೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಎಸ್‌ಪಿಎಫ್ 50+ ಇದ್ದರೂ ಆ ಬೆಳಕನ್ನು ಹೆಚ್ಚೇನೂ ತಡೆಯುವುದಿಲ್ಲ. ಐರನ್ ಆಕ್ಸೈಡ್ ಬೆರೆಸಿದ, ಬಣ್ಣ ಇರುವ ಬಗೆ ಬೇಕು. ತೊಂದರೆ ಏನೆಂದರೆ, ಅಂಥ ಎಷ್ಟೋ ಟ್ಯೂಬುಗಳ ಬಣ್ಣ ಬೆಳ್ಳಗಿನವರ ಲೆಕ್ಕದಲ್ಲೇ ಇರುತ್ತದೆ. ಅದಕ್ಕೇ ಅಂಗಡಿಯಲ್ಲಿ ಟೆಸ್ಟರ್ ಕೇಳಿ. ಕೈ ಹಿಂಭಾಗಕ್ಕಲ್ಲ, ದವಡೆಯ ಅಂಚಿಗೆ, ಕುತ್ತಿಗೆ ಶುರುವಾಗುವ ಕಡೆ ಒಂದು ಗೆರೆ ಹಚ್ಚಿ. ಒಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಚೆನ್ನಾಗೇ ಕಾಣುತ್ತೆ, ಬಾಗಿಲಾಚೆ ಬಂದು ಐದು ನಿಮಿಷ ಬಿಟ್ಟು ನೋಡಿ. ಅಂಚು ಕುತ್ತಿಗೆಯಲ್ಲಿ ಕರಗಿ ಹೋಗಿದ್ದರೆ ಸರಿ. ಬೂದು ಬಣ್ಣ, ಗುಲಾಬಿ ಛಾಯೆ ಉಳಿದಿದ್ದರೆ ವಾಪಸ್ ಇಟ್ಟು ಬೇರೆ ಕೇಳಿ, ಸಂಕೋಚ ಬೇಡ.

ಇಲ್ಲಿ ಫಾರ್ಮಸಿಯ ಮಾಲೀಕರು ಫಾರ್ಮಸಿಸ್ಟೇ ಆಗಿರಬೇಕು ಅಂತ ಕಾನೂನಿದೆ. ಆದ್ದರಿಂದ ಅಂಗಡಿಯಲ್ಲಿ ಓದಿದವರು ಒಬ್ಬರಾದರೂ ಇರುತ್ತಾರೆ. ‘ಈ ಕಂಪನಿದು ಕೊಡಿ’ ಅಂದರೆ ಸುಮ್ನೆ ಎತ್ತಿ ಕೊಡುತ್ತಾರೆ. ‘ಮಧ್ಯಾಹ್ನಕ್ಕೆ ಹಣೆ ಮೂಗು ಜಿಡ್ಡು, ಕೆನ್ನೆ ಒಣ, ಬಂಗು ಇದೆ’ ಅಂತ ಹೇಳಿ, ಆಗ ಮಾತು ಬೇರೆಯೇ ಆಗುತ್ತೆ. ಹಚ್ಚುವ, ನುಂಗುವ ಔಷಧಿಗಳನ್ನೂ ತಪ್ಪದೆ ಹೇಳಿ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ರೆಟಿನಾಯ್ಡ್‌ನಂಥ ಔಷಧಿ ತಗೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಕೆಡುತ್ತದೆ. ಮೊಣಕಾಲು ನೋವಿಗೆ ಕೀಟೊಪ್ರೊಫೆನ್ ಜೆಲ್ ಹಚ್ಚುವ ಹಿರಿಯರಂತೂ ಇದನ್ನು ಗಮನಿಸಲೇಬೇಕು: ಹಚ್ಚಿದ ಜಾಗಕ್ಕೆ ಜೆಲ್ ನಿಲ್ಲಿಸಿದ ಮೇಲೂ ಎರಡು ವಾರ ಬಿಸಿಲು ತಾಗಬಾರದು, ಬಟ್ಟೆಯಿಂದ ಮುಚ್ಚಿರಬೇಕು. ಆ ಔಷಧಿಗೆ ಅಲರ್ಜಿ ಆದವರಿಗೆ ಸನ್‌ಸ್ಕ್ರೀನಿನ ಆಕ್ಟೊಕ್ರೈಲೀನ್ ಎಂಬ ಫಿಲ್ಟರ್ ಕೂಡ ಆಗದೆ ಇರಬಹುದು. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಟ್ಯೂಬಿನ ಮೇಲೆ ನೋಡಬೇಕಾದ್ದು ಜಾಸ್ತಿ ಇಲ್ಲ. ಯುವಿಎ ಅಂತ ಬರೆದ ಚಿಕ್ಕ ವೃತ್ತ ಇರಲಿ, ಅಂದರೆ ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗವಾದರೂ ಇದೆ ಎಂದರ್ಥ. ಯುರೋಪಿನ ಲೆಕ್ಕದಲ್ಲಿ 50+ ಅಂದರೆ ಪರೀಕ್ಷೆಯಲ್ಲಿ 60 ಅಥವಾ ಹೆಚ್ಚು ಬಂದದ್ದು. ಬೆಲೆ ಅಂಗಡಿಯಿಂದ ಅಂಗಡಿಗೆ ಕೆಲವು ಯೂರೋ ಹೆಚ್ಚುಕಮ್ಮಿ ಆಗುತ್ತೆ, ಎರಡು ಕಡೆ ವಿಚಾರಿಸಿ.

ಇಷ್ಟೆಲ್ಲ ನೋಡಿ ತಂದು ಕಡಲೆಕಾಳಿನಷ್ಟು ಹಚ್ಚಿದರೆ ದುಡ್ಡು ದಂಡ. ಪರೀಕ್ಷೆ ಮಾಡುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಮುಖಕ್ಕೆ ಹೆಚ್ಚೂಕಮ್ಮಿ ಆ ಅಳತೆ ಬರುತ್ತದೆ. ತೆಳು ಫ್ಲೂಯಿಡ್ ಬೆರಳಿನ ಮೇಲೆ ನಿಲ್ಲುವುದಿಲ್ಲ, ಜಾರಿಬಿಡುತ್ತದೆ, ಅದನ್ನು ಮಾತ್ರ ಚೆನ್ನಾಗಿ ಕುಲುಕಿ ಅಂಗೈಗೆ ಹಾಕಿಕೊಂಡು ಎರಡು ಸಲಕ್ಕೆ ಹಚ್ಚುವುದು ಒಳ್ಳೆಯದು. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ದಿನಕ್ಕೊಂದೇ ಸಲ ಹಚ್ಚಿದರೂ 50 ಮಿ.ಲೀ. ಟ್ಯೂಬು ಒಂದು, ಒಂದೂವರೆ ತಿಂಗಳಿಗೆ ಖಾಲಿಯಾಗಬೇಕು. ಆರು ತಿಂಗಳು ಬಂತು ಅಂದರೆ ಹಚ್ಚಿದ್ದು ಸಾಲಲಿಲ್ಲ ಅಂತಲೇ.

ಹೋದ ವರ್ಷ ತಂದು ಅರ್ಧ ಉಳಿಸಿದ ಟ್ಯೂಬನ್ನು ಈ ವರ್ಷ ಎಳೆಯಬೇಡಿ. ಆಕ್ಟೊಕ್ರೈಲೀನ್ ಇರುವ ಕ್ರೀಮ್ ಹಳೆಯದಾದಂತೆ ಅದರಲ್ಲಿ ಕ್ಯಾನ್ಸರ್ ತರಬಹುದೆಂಬ ಅನುಮಾನವಿರುವ ಬೆಂಜೊಫಿನೋನ್ ಎಂಬ ರಾಸಾಯನಿಕ ಹೆಚ್ಚುತ್ತಾ ಹೋಗುತ್ತದೆ ಎಂದು 2021ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ತೋರಿಸಿದ್ದಾರೆ. ಟ್ಯೂಬಿನ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ ಇರುತ್ತೆ, ಅದರೊಳಗಿನ ಸಂಖ್ಯೆ ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಅನ್ನುವುದು. ತೆರೆದ ತಾರೀಕನ್ನು ಟ್ಯೂಬಿನ ಮೇಲೇ ಪೆನ್ನಿನಿಂದ ಬರೆದಿಟ್ಟುಕೊಳ್ಳಿ.

ನಿಮ್ಮ ಓದುಗರಲ್ಲೊಬ್ಬಳು